ಪೆಟ್ಟಿಗೆ ಕಟ್ಟುವ ಮುನ್ನ

ಕೋಡಂಬಾಕ್ಕಂನ ಕನ್ನಡ ಮನೆಗಳ ಮಕ್ಕಳು ಈಗ ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಿಗೂ ಹೊರಡುತ್ತಿದ್ದಾರೆ. ಅಲ್ಲಿ ತರಗತಿಗೆ ಹದಿನೈದಿಪ್ಪತ್ತು ಮಂದಿ. ಹಿಂದಿನ ಬೆಂಚಿನಲ್ಲಿ ಅಡಗಿ ಕೂರಲಾಗದು. ‘ನಿಮ್ಮ ಭಾಷೆಯಲ್ಲಿ ಏನು ಓದಿದ್ದೀರಿ?’ ಎಂದು ಮೇಷ್ಟ್ರು ಕೇಳಿದರೆ ನಮ್ಮ ಮಕ್ಕಳು ಏನು ಹೇಳಿಯಾರು? ಮನೆಯಲ್ಲಿ ಕನ್ನಡದ ಮಾತು, ಶಾಲೆಯಲ್ಲಿ ತಮಿಳು, ಇಂಗ್ಲಿಷ್. ಕನ್ನಡದ ಅಕ್ಷರ ಮಾತ್ರ ಎಲ್ಲೂ ಇಲ್ಲ.

ಆಕ್ಸ್‌ಫರ್ಡ್‌ಗೆ ಹೊರಟಿದ್ದ ಗಿರೀಶ ಕಾರ್ನಾಡರಿಗೆ ಇಂಗ್ಲಿಷ್ ಕವಿಯಾಗುವ ಆಸೆಯಿತ್ತು. ಆ ತಳಮಳದಲ್ಲಿ ಹುಟ್ಟಿದ ‘ಯಯಾತಿ’ ಬಂದದ್ದು ಕನ್ನಡದಲ್ಲಿ. 1963ರಲ್ಲಿ ಮರಳಿ, ಇದೇ ಮದ್ರಾಸಿನಲ್ಲಿ ನೌಕರಿಯಲ್ಲಿದ್ದಾಗ ‘ತುಘಲಕ್’ ಬರೆದರು. ಅವರಿಗೆ ಅಕ್ಷರ ಕೈಲಿತ್ತು.

ವೀಸಾ, ಶುಲ್ಕಕ್ಕೆಂದು ವರ್ಷವಿಡೀ ಓಡಾಡುವ ನಾವು ವಾರಕ್ಕೆರಡು ಗಂಟೆ ಕನ್ನಡ ಓದಿಸಲಾರೆವೇ? ಪೆಟ್ಟಿಗೆ ಕಟ್ಟುವ ಹೊತ್ತಿಗೆ ತಡವಾಗಿರುತ್ತದೆ.