ಯೋಧರ ನೋವಿಗೆ ನ್ಯಾಯಬೆಲೆಯ ಮದ್ದು

ದೇಶ ಕಾಯ್ದು ಊರಿಗೆ ಮರಳಿದ ಯೋಧರಿಗೆ ನಮ್ಮಲ್ಲಿ ಗೌರವದ ಕೊರತೆಯಿಲ್ಲ. ರಾಷ್ಟ್ರೀಯ ಹಬ್ಬಗಳಂದು ಶಾಲು ಹೊದಿಸುತ್ತೇವೆ, ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಆದರೆ ಗುಂಡೇಟಿನಿಂದ ನರ ಘಾಸಿಗೊಂಡವರ, ಬೆನ್ನುಹುರಿಗೆ ಪೆಟ್ಟಾದವರ, ಕಾಲು ಕಳೆದುಕೊಂಡವರ ರಾತ್ರಿಗಳ ಸಂಕಟ ಶಾಲಿನಿಂದ ಶಮನವಾಗದು. ಕತ್ತರಿಸಿ ತೆಗೆದ ಕಾಲೂ ಇದ್ದಂತೆಯೇ ನೋಯುವುದುಂಟು. ಇಂತಹ ನರನೋವಿಗೆ ಸಾಮಾನ್ಯ ಮಾತ್ರೆಗಳು ಅನೇಕ ವೇಳೆ ಸಾಲುವುದಿಲ್ಲ. ಆಗ ಯಾರೋ ಒಬ್ಬರು ಗಾಂಜಾದ ಹೆಸರನ್ನು ಕಿವಿಯಲ್ಲಿ ಉಸುರುತ್ತಾರೆ.

ಪುಣಜನೂರಿನಂತಹ ಕಾಡಂಚಿನ ಗಡಿ ಊರುಗಳಲ್ಲಿ ಈ ಮಾತು ಅಪಾಯಕಾರಿ. 1985ರ ಮಾದಕ ದ್ರವ್ಯಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಗಾಂಜಾ ಬೆಳೆದವರಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸೇವನೆಯೂ ಅಪರಾಧವೇ. ಕಳ್ಳದಾರಿಯಲ್ಲಿ ಬಂದ ಸೊಪ್ಪಿನಲ್ಲಿ ಏನು ಬೆರೆತಿದೆ, ಎಷ್ಟು ತೀಕ್ಷ್ಣವಾಗಿದೆ ಎಂಬುದನ್ನು ಹೇಳುವವರೂ ಇಲ್ಲ. ನೋವಿಗೆ ಮದ್ದು ಹುಡುಕಿ ಹೊರಟ ಯೋಧ ಆರೋಪಿಯಾಗಿ ನಿಲ್ಲುವುದು ಯಾವ ನ್ಯಾಯ?

ಅದೇ ಕಾಯ್ದೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ಬಾಗಿಲು ತೆರೆದಿಟ್ಟಿದೆ. ಹೂಗೊಂಚಲಿನಿಂದ ಬೇರ್ಪಟ್ಟ ಎಲೆಯನ್ನೂ ಬೀಜವನ್ನೂ ಅದು ಗಾಂಜಾ ಎಂದು ಪರಿಗಣಿಸುವುದಿಲ್ಲ. ಆಯುರ್ವೇದವು ಈ ಗಿಡವನ್ನು ವಿಜಯಾ ಎಂಬ ಹೆಸರಿನಿಂದ ಬಲ್ಲದು; ಶೋಧಿಸಿದ ಬಳಿಕವಷ್ಟೇ ಬಳಸಬೇಕೆನ್ನುತ್ತದೆ. ನಮ್ಮ ಔಷಧ ನಿಯಮಗಳೂ ಇದನ್ನು ವಿಷದ್ರವ್ಯಗಳ ಅನುಸೂಚಿಯಲ್ಲಿರಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂದು ವಿಧಿಸಿವೆ. ಪರವಾನಗಿ ಪಡೆದ ವಿಜಯಾ ತೈಲ ಮತ್ತು ಗುಳಿಗೆಗಳು ಇಂದು ಮಾರುಕಟ್ಟೆಯಲ್ಲಿವೆ. ಹೀಗಿರುವಾಗ ಉಳಿದಿರುವ ಪ್ರಶ್ನೆ ಬೆಲೆಯದು.

2013ರ ಔಷಧ ಬೆಲೆ ನಿಯಂತ್ರಣ ಆದೇಶವು ಅಗತ್ಯ ಔಷಧಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸುತ್ತದೆ. ಆಯುರ್ವೇದದ ಔಷಧಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ವಿಜಯಾ ತೈಲದ ಶೀಶೆಗೆ ತಯಾರಕರು ಹೇಳಿದ್ದೇ ಬೆಲೆ. ತಿಂಗಳುಗಟ್ಟಲೆ ಸೇವಿಸಬೇಕಾದ ಮದ್ದಿಗೆ ಪಿಂಚಣಿಯಿಂದ ಹಣ ತೆಗೆಯಬೇಕೆಂದರೆ ಸಿಪಾಯಿಯಾಗಿ ನಿವೃತ್ತನಾದವನ ಮನೆಯಲ್ಲಿ ಬೇರಾವುದೋ ಖರ್ಚು ನಿಲ್ಲಬೇಕಾಗುತ್ತದೆ. ಅಧಿಕಾರಿಗೆ ಎಟುಕುವ ಮದ್ದು ಸಿಪಾಯಿಗೆ ಎಟುಕದಿರುವುದು ಸರಿಯಲ್ಲ. ನೋವಿಗೆ ಹುದ್ದೆಯ ಭೇದ ಗೊತ್ತಿಲ್ಲ.

ಬೇರೆ ದೇಶಗಳ ನಡೆಯನ್ನು ನೋಡೋಣ. ಕೆನಡಾದ ಮಾಜಿ ಸೈನಿಕರ ಇಲಾಖೆ ವೈದ್ಯರ ಅನುಮತಿಯಿದ್ದವರಿಗೆ ಇದರ ವೆಚ್ಚವನ್ನು ಮರುಪಾವತಿ ಮಾಡುತ್ತದೆ. 2016ರಲ್ಲಿ ಅದು ದಿನಕ್ಕೆ 3 ಗ್ರಾಂ ಎಂಬ ಮಿತಿಯನ್ನೂ, ಗ್ರಾಂ ಒಂದಕ್ಕೆ 8.50 ಡಾಲರಿನ ಗರಿಷ್ಠ ದರವನ್ನೂ ಪ್ರಕಟಿಸಿತು. ಅಮೆರಿಕದಲ್ಲಿ ಹಲವು ರಾಜ್ಯಗಳು ಅನುಮತಿ ನೀಡಿದ್ದರೂ ಅಲ್ಲಿನ ಮಾಜಿ ಸೈನಿಕರ ಇಲಾಖೆ ಹಣ ಕೊಡುವುದಿಲ್ಲ. ಯೋಧರು ಸ್ವಂತ ಜೇಬಿನಿಂದಲೇ ಭರಿಸಬೇಕು. ಕೇವಲ ಕಾನೂನಿನ ಅನುಮತಿಯಿಂದ ಬಡ ರೋಗಿಗೆ ಮದ್ದು ದೊರೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗೆಂದು ವಿಜಯಾ ಸರ್ವರೋಗ ನಿವಾರಿಣಿಯಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2017ರ ವರದಿ ವಯಸ್ಕರ ದೀರ್ಘಕಾಲದ ನೋವಿಗೆ ಈ ಗಿಡದ ಮದ್ದು ಉಪಕಾರಿ ಎಂದಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2021ರಲ್ಲಿ, ಸಾರ್ವತ್ರಿಕ ಬಳಕೆಗೆ ಸಾಕಷ್ಟು ಪುರಾವೆಯಿಲ್ಲವೆಂದು ಹೇಳಿತು. ಯುದ್ಧದ ಆಘಾತದಿಂದ ಉಂಟಾಗುವ ಮನೋವ್ಯಾಧಿಗೆ ಇದನ್ನು ಬಳಸಬಾರದೆಂದು ಅಮೆರಿಕದ ಸೇನಾ ವೈದ್ಯರ 2023ರ ಮಾರ್ಗಸೂಚಿ ಸ್ಪಷ್ಟವಾಗಿ ತಿಳಿಸಿದೆ. ತಲೆಸುತ್ತು, ಮಂಪರು, ಚಟ, ಕೆಲವರಲ್ಲಿ ಚಿತ್ತಭ್ರಮೆ ಇದರ ದುಷ್ಪರಿಣಾಮಗಳು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ರಕ್ತಸ್ರಾವದ ಭಯವೂ ಇದೆ. ಆದಕಾರಣವೇ ಇದು ಅಂಗಡಿಯ ಸರಕಾಗದೆ ವೈದ್ಯರ ಕೈಯಲ್ಲಿರಬೇಕು.

ಆಗಬೇಕಾದುದು ಮೂರು ಕೆಲಸ. ಮೊದಲನೆಯದು ಪರೀಕ್ಷೆ. 1908ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳು ಆಧುನಿಕ ವೈದ್ಯರೊಡಗೂಡಿ ವಿಜಯಾ ಔಷಧಗಳನ್ನು ನರನೋವಿನ ರೋಗಿಗಳಲ್ಲಿ ಶಾಸ್ತ್ರೀಯವಾಗಿ ಪರೀಕ್ಷಿಸಲಿ. ಎರಡನೆಯದು ವೆಚ್ಚ. ಪರೀಕ್ಷೆಯಲ್ಲಿ ಗೆದ್ದ ಔಷಧವನ್ನು ಸರ್ಕಾರವೇ ಸಗಟಾಗಿ ಕೊಂಡು, 2003ರಿಂದ ಜಾರಿಯಲ್ಲಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಮೂಲಕ ಉಚಿತವಾಗಿ ವಿತರಿಸಲಿ. ಉಳಿದವರಿಗಾಗಿ ಗರಿಷ್ಠ ಬೆಲೆ ನಿಗದಿಯಾಗಲಿ. ಮೂರನೆಯದು ಇಂದೇ ಆಗಬಹುದಾದದ್ದು. ತೀವ್ರ ನೋವಿಗೆ ಬೇಕಾದ ಮಾರ್ಫಿನ್ ಮುಂತಾದ ಔಷಧಗಳು ಆಸ್ಪತ್ರೆಗಳಿಗೆ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ದ್ರವ್ಯಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಮಾರ್ಫಿನ್‌ನ ಬೆಲೆಯೂ ನಿಯಂತ್ರಣದಲ್ಲಿದೆ. ಜಿಲ್ಲಾ ಕೇಂದ್ರದಲ್ಲಿ ವೈದ್ಯಕೀಯ ಕಾಲೇಜೇ ಇರುವಾಗ ನೋವು ನಿವಾರಣೆಯ ಪೂರ್ಣ ಸೇವೆ ಅಲ್ಲಿಯೇ ಸಿಗಬೇಕು. ಪುಣಜನೂರಿನ ಯೋಧ ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಮತ್ತೆ ಅರವತ್ತು ಕಿಲೋಮೀಟರ್ ಪಯಣಿಸಿ ಮೈಸೂರು ಸೇರಬೇಕಾದರೆ ಉಚಿತ ಮದ್ದೂ ದುಬಾರಿಯೇ ಸರಿ.

ಸದ್ಭಕ್ತರು ತಮ್ಮ ಊರಿನ ಮಾಜಿ ಸೈನಿಕರನ್ನು ಒಮ್ಮೆ ಕಂಡು ನೋವಿನ ಬಗ್ಗೆ ಕೇಳಬೇಕು. ಸಹಿಸುವುದೇ ಶೌರ್ಯವೆಂದು ನಂಬಿ ಬಾಯಿ ಬಿಡದವರು ಅನೇಕರು. ಇಸಿಎಚ್‌ಎಸ್ ಕಾರ್ಡು ಇಲ್ಲದವರಿಗೆ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯ ದಾರಿ ತೋರಿಸಬೇಕು. ಯಾರಾದರೂ ಕದ್ದುಮುಚ್ಚಿ ಗಾಂಜಾ ಸೇವಿಸುತ್ತಿದ್ದರೆ ನಿಂದಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸೇವಿಸುತ್ತಿರುವುದನ್ನು ವೈದ್ಯರಿಂದ ಮುಚ್ಚಿಡಬಾರದೆಂದೂ ತಿಳಿಹೇಳಬೇಕು. ದಾಸೋಹದ ಮನೆಯಲ್ಲಿ ಬಂದವರ ಹಸಿವನ್ನು ಕೇಳುತ್ತೇವೆಯೇ ಹೊರತು ಅವರ ಹಣವನ್ನಲ್ಲ. ನಮಗಾಗಿ ಗಾಯಗೊಂಡವರ ನೋವಿನ ವಿಷಯದಲ್ಲಿ ಸರ್ಕಾರವೂ ಹಾಗೆಯೇ ನಡೆದುಕೊಳ್ಳಲಿ ಎಂದು ಒತ್ತಾಯಿಸುವುದು ನಮ್ಮೆಲ್ಲರ ಕರ್ತವ್ಯ.