ನೋಡದ ಮ್ಯಾಚಿಗೂ ನಾನೇ ಗಿರಾಕಿ

2014ರಲ್ಲಿ ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. ಪ್ರಾಜೆಕ್ಟ್ ಮೇಲೆ ಹೋದವನು. ಒಂದು ಬೆಡ್‌ರೂಮಿನ ಮನೆ, ಮೂಲೆಯಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋಗಿದ್ದ ಟೀವಿ. ನನಗೆ ಬೇಕಿದ್ದದ್ದು ಬರೀ ಇಂಟರ್ನೆಟ್. ಫೋನ್ ಮಾಡಿದರೆ, ಆ ಕಡೆಯಿಂದ ಮಾತಾಡಿದ ಹುಡುಗಿ ಟೀವಿಯನ್ನೂ ಸೇರಿಸಿ ತಗೊಂಡರೆ ನಿಮಗೇ ಲಾಭ ಅಂತ ಒಪ್ಪಿಸಿಬಿಟ್ಟಳು. ಇನ್ನೂರು ಚಿಲ್ಲರೆ ಚಾನೆಲ್ ಬಂತು. ಅದರಲ್ಲಿ ನಾನು ನೋಡುತ್ತಿದ್ದದ್ದು ಹವಾಮಾನದ್ದು ಒಂದೇ, ಅದೂ ಹಿಮ ಬೀಳೋ ದಿನ, ಆಫೀಸಿಗೆ ಹೋಗದೇ ಇರೋಕೆ ಏನಾದ್ರೂ ನೆಪ ಸಿಗುತ್ತಾ ಅಂತ.

ಆ ಇನ್ನೂರರಲ್ಲಿ ಬಿಗ್ ಟೆನ್ ನೆಟ್‌ವರ್ಕ್ ಅಂತಲೂ ಒಂದಿತ್ತು. ಅದೇ ವರ್ಷ ಜುಲೈ 1ಕ್ಕೆ ನಮ್ಮ ಪಕ್ಕದ ಊರಿನ ರಟ್ಗರ್ಸ್ ಯೂನಿವರ್ಸಿಟಿ ಬಿಗ್ ಟೆನ್ ಅನ್ನೋ ಕ್ರೀಡಾಕೂಟ ಸೇರಿತು. ಅದನ್ನು ಯಾಕೆ ಸೇರಿಸಿಕೊಂಡರು ಅನ್ನೋದು ನನಗೆ ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ. ಸೇರಿಸಿಕೊಂಡಿದ್ದು ನನ್ನ ದೆಸೆಯಿಂದ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಇಲ್ಲಿ ಫುಟ್‌ಬಾಲ್ ಅಂದರೆ ಮೆಸ್ಸಿ ಆಡೋದಲ್ಲ, ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡೋದು. ಅಮೆರಿಕದ ಕಾಲೇಜು ತಂಡಗಳು ಇಡೀ ದೇಶಕ್ಕೆ ಒಂದೇ ಲೀಗ್ ಅಂತ ಆಡೋದಿಲ್ಲ. ಅಕ್ಕಪಕ್ಕದ ರಾಜ್ಯದವರು ಸೇರಿ ಕಾನ್ಫರೆನ್ಸ್ ಅನ್ನೋ ಗುಂಪು ಕಟ್ಟಿಕೊಂಡು ತಮ್ಮ ತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಬಸ್ಸಲ್ಲೋ ರೈಲಲ್ಲೋ ಹೋಗಿ ಆಡಿ ಬರುವಷ್ಟು ದೂರ. ಬಿಗ್ ಟೆನ್ 1896ರದ್ದು, ಮಧ್ಯಪಶ್ಚಿಮದ ಕಾಲೇಜುಗಳದ್ದು. ಹೆಸರಲ್ಲಿ ಹತ್ತು, ಇವತ್ತು ಒಳಗಿರೋದು ಹದಿನೆಂಟು. ಬಿಗ್ ಟ್ವೆಲ್ವ್ ಅಂತ ಇನ್ನೊಂದಿದೆ, ಅದರಲ್ಲಿ ಹದಿನಾರು. ಇವೆಲ್ಲ ಯೂನಿವರ್ಸಿಟಿಗಳು, ಗಣಿತ ಕಲಿಸುವ ಜಾಗಗಳು!

2007ರಲ್ಲಿ ಬಿಗ್ ಟೆನ್ ಫಾಕ್ಸ್ ಜೊತೆ ಸೇರಿ ತನ್ನದೇ ಚಾನೆಲ್ ಶುರುಮಾಡಿತು. ಆಟ ಬದಲಾಗಿದ್ದು ಅಲ್ಲಿಂದ. ಕೇಬಲ್ ಕಂಪನಿಗಳು ಪ್ರತಿ ಚಾನೆಲ್ಲಿಗೂ ಮನೆಗಿಷ್ಟು ಅಂತ ತಿಂಗಳು ತಿಂಗಳು ಕೊಡಬೇಕು, ಆ ದುಡ್ಡನ್ನು ನಮ್ಮ ಬಿಲ್ಲಿನಲ್ಲಿ ವಸೂಲಿ ಮಾಡುತ್ತವೆ. ಕಾನ್ಫರೆನ್ಸಿನ ಕಾಲೇಜು ಇರುವ ರಾಜ್ಯದಲ್ಲಿ ಆ ಚಾನೆಲ್ ಬೇಸಿಕ್ ಪ್ಯಾಕೇಜಿಗೇ ಬರುತ್ತದೆ, ದರವೂ ಜಾಸ್ತಿ. ಆಗಿನ ವರದಿಗಳ ಪ್ರಕಾರ ಒಳಗಿನ ರಾಜ್ಯದಲ್ಲಿ ಮನೆಗೆ ತಿಂಗಳಿಗೆ ಸುಮಾರು ಒಂದು ಡಾಲರ್, ಹೊರಗೆ ಬರೀ ಕೆಲವು ಸೆಂಟ್. ಈಗ ನೀವೇ ಲೆಕ್ಕ ಹಾಕಿ. ನಿಮಗೆ ಬೇಕಾದದ್ದು ಚೆನ್ನಾಗಿ ಆಡುವ ತಂಡವೋ, ಮನೆಗಳು ಜಾಸ್ತಿ ಇರುವ ರಾಜ್ಯವೋ?

ಹೀಗೆ 2012ರ ನವೆಂಬರಿನಲ್ಲಿ ಮೇರಿಲ್ಯಾಂಡ್ ಮತ್ತು ರಟ್ಗರ್ಸ್‌ಗೆ ಕರೆ ಬಂತು. ಮೇರಿಲ್ಯಾಂಡ್ ಅಂದರೆ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್. ರಟ್ಗರ್ಸ್ ಅಂದರೆ ನ್ಯೂಯಾರ್ಕ್, ದೇಶದ ಅತಿ ದೊಡ್ಡ ಟೀವಿ ಮಾರುಕಟ್ಟೆ. ರಟ್ಗರ್ಸ್‌ಗೆ ಇತಿಹಾಸ ಇಲ್ಲ ಅಂತಲ್ಲ. ಕಾಲೇಜು ಫುಟ್‌ಬಾಲಿನ ಮೊಟ್ಟಮೊದಲ ಪಂದ್ಯ ಅಂತ ಹೇಳೋದೇ 1869ರಲ್ಲಿ ಅವರು ಪ್ರಿನ್ಸ್‌ಟನ್ ವಿರುದ್ಧ ಆಡಿದ್ದನ್ನು. ಆಮೇಲಿನ ನೂರೈವತ್ತು ವರ್ಷ ಹೇಳಿಕೊಳ್ಳುವಂಥದ್ದು ಕಮ್ಮಿ ಅಷ್ಟೆ. 2016ರ ಅಕ್ಟೋಬರಿನಲ್ಲಿ ಮಿಷಿಗನ್ ಅವರ ಮನೆಯಂಗಳಕ್ಕೇ ಬಂದು 78–0ರಿಂದ ಬಡಿದು ಹೋಯಿತು. ಸೋಮವಾರ ಆಫೀಸಿನಲ್ಲಿ ಒಬ್ಬ ಇದನ್ನು ಹೇಳಿ ನಕ್ಕಾಗ ನಾನೂ ನಕ್ಕೆ. ಆ ಮ್ಯಾಚಿನ ಟಿಕೆಟ್ ಹಣದಲ್ಲಿ ನನ್ನದೂ ಒಂದು ಪಾಲಿದೆ ಅಂತ ಆಗ ಗೊತ್ತಿರಲಿಲ್ಲ. ಹೆಚ್ಚುಕಮ್ಮಿ ಮೂರು ವರ್ಷ ತಿಂಗಳು ತಿಂಗಳು ಕಟ್ಟಿದ್ದೇನೆ. ಎಡಿಸನ್ನಿನ ಆ ಕಟ್ಟಡದಲ್ಲಿ ಗುಜರಾತಿಗಳು, ತೆಲುಗರು, ನಾವು ನಾಲ್ಕು ಮನೆ ಕನ್ನಡದವರು, ಮೇಲಿನ ಮಹಡಿಯಲ್ಲಿ ಮಗಳ ಬಾಣಂತನಕ್ಕೆ ಅಂತ ಮೈಸೂರಿಂದ ಬಂದಿದ್ದ ಒಬ್ಬರು ಅಮ್ಮ, ಎಲ್ಲರೂ ಕಟ್ಟಿದ್ದೇವೆ. ಬಿಗ್ ಟೆನ್ ಲೆಕ್ಕದಲ್ಲಿ ನಾವೆಲ್ಲ ರಟ್ಗರ್ಸ್ ಫುಟ್‌ಬಾಲಿನ ಬಲ.

‘ಟೀವಿ ಮಾರುಕಟ್ಟೆ’ ಅಂದಾಗ ಪ್ರೇಕ್ಷಕರು ಅಂತ ಅರ್ಥ ಮಾಡ್ಕೋಬೇಡಿ ಅಂತ ನಾನು ಹಟ ಹಿಡಿಯೋದು ಇದಕ್ಕೇ. ಪ್ರೇಕ್ಷಕ ಅಂದರೆ ನೋಡುವವನು. ಇವರಿಗೆ ಬೇಕಿದ್ದದ್ದು ಮೀಟರು. ನೋಡಿದರೂ ಓಡುತ್ತೆ, ನೋಡದಿದ್ದರೂ ಓಡುತ್ತೆ. ಸದರ್ನ್ ಕಡೆಯ ಎಸ್‌ಇಸಿ ಕಾನ್ಫರೆನ್ಸ್ ಕೂಡ 2012ರಲ್ಲಿ ಟೆಕ್ಸಸ್ ಎ ಅಂಡ್ ಎಂ ಮತ್ತು ಮಿಝೂರಿಯನ್ನು ಒಳಗೆ ಹಾಕಿಕೊಂಡು, ಎರಡೇ ವರ್ಷದಲ್ಲಿ ಇಎಸ್‌ಪಿಎನ್ ಜೊತೆ ತನ್ನ ಚಾನೆಲ್ ತೆರೆಯಿತು. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ನಡುವೆ ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದ ಪಂದ್ಯ 2011ಕ್ಕೆ ನಿಂತದ್ದು ಮತ್ತೆ ಶುರುವಾಗೋಕೆ 2024 ಬರಬೇಕಾಯಿತು.

ನಾನು 2017ಕ್ಕೆ ಕೇಬಲ್ ಕಿತ್ತೆಸೆದೆ. ನನ್ನ ಹಾಗೆ ಕೋಟಿಗಟ್ಟಲೆ ಜನ ಕಿತ್ತರು. ಮೀಟರು ನಿಂತರೆ ಈ ಹುಚ್ಚೂ ನಿಲ್ಲಬೇಕಿತ್ತು ತಾನೇ? ಇಲ್ಲ. ಮನೆ ಎಣಿಸುವ ಕಾಲ ಹೋಯಿತು, ದೇಶಾದ್ಯಂತ ಹೆಸರಿರುವ ತಂಡಗಳನ್ನು ಗುಡ್ಡೆ ಹಾಕುವ ಕಾಲ ಬಂತು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್ ಸೇರುತ್ತೇವೆ ಅಂದವು. ದೇಶದ ಎರಡನೇ ದೊಡ್ಡ ಮಾರುಕಟ್ಟೆ, ಜೊತೆಗೆ ಹೆಸರೂ ಇದೆ. ಎರಡು ತಿಂಗಳೊಳಗೆ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮಿಕ್ಕ ಒಪ್ಪಂದ ಮಾಡಿಕೊಂಡಿತು.

ಹೊಡೆತ ಬಿದ್ದದ್ದು ಪ್ಯಾಕ್ ಟ್ವೆಲ್ವ್‌ಗೆ. 1915ರಲ್ಲಿ ಹುಟ್ಟಿದ ಪಶ್ಚಿಮ ಕರಾವಳಿಯ ಕಾನ್ಫರೆನ್ಸ್ ಅದು. ಲಾಸ್ ಏಂಜಲಿಸ್ ಕಳಕೊಂಡ ಮೇಲೆ ಟೀವಿಯವರು ಮುಖ ಕೊಟ್ಟು ಮಾತಾಡಲಿಲ್ಲ, ಕೊನೆಗೆ ಕೈಯಲ್ಲಿ ಉಳಿದದ್ದು ಆಪಲ್‌ನ ಒಂದು ಸ್ಟ್ರೀಮಿಂಗ್ ಪ್ರಸ್ತಾಪ. 2023ರ ಜುಲೈ ಕೊನೆಗೆ ಕೊಲರಾಡೊ ಹೊರಟಿತು. ಆಗಸ್ಟ್ 4ರಂದು ಒಂದೇ ದಿನ ಐದು ಯೂನಿವರ್ಸಿಟಿಗಳು ಗಂಟುಮೂಟೆ ಕಟ್ಟಿದವು. ನೂರೆಂಟು ವರ್ಷದ ಮನೆ, ಸಂಜೆಯ ಹೊತ್ತಿಗೆ ಒಳಗೆ ಉಳಿದವರು ನಾಲ್ಕೇ ಜನ. ಅವರಲ್ಲಿ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ತಿಂಗಳೊಳಗೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿಕೊಂಡವು. ಅವು ಇರೋದು ಪೆಸಿಫಿಕ್ ದಡದಲ್ಲಿ ಮಾರಾಯ್ರೇ! ಅವರ ಜೊತೆಗೇ ಡಲ್ಲಾಸ್‌ನ ಎಸ್‌ಎಂಯು ಕೂಡ, ಒಂಬತ್ತು ವರ್ಷ ಟೀವಿ ದುಡ್ಡೇ ಬೇಡ, ಒಳಗೆ ಬಿಟ್ಟುಕೊಂಡರೆ ಸಾಕು ಅಂತ ಒಪ್ಪಿಕೊಂಡು ಬಂತು.

ಕೊನೆಗೆ ಉಳಿದವರು ಇಬ್ಬರು, ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್.

ಹಾಸನದ ನನ್ನ ಗೆಳೆಯ ಎಂ.ಎಸ್. ಮಾಡಿದ್ದು ವಾಷಿಂಗ್ಟನ್ ಸ್ಟೇಟ್‌ನಲ್ಲಿ. ಅದಿರೋದು ಪುಲ್‌ಮನ್ ಅನ್ನೋ ಊರಲ್ಲಿ. ಸುತ್ತ ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲದ ದಿಣ್ಣೆಗಳು. ಊರಿನ ಜನಸಂಖ್ಯೆ ಸುಮಾರು 33 ಸಾವಿರ, ಸ್ಟೇಡಿಯಂನ ಸೀಟೂ ಹೆಚ್ಚುಕಮ್ಮಿ ಅಷ್ಟೇ. ಶನಿವಾರ ಮ್ಯಾಚಿದ್ದರೆ ಊರಿಗೆ ಊರೇ ಜಾತ್ರೆ. ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲದ ನಮ್ಮ ಹುಡುಗ ಎರಡೇ ತಿಂಗಳಲ್ಲಿ ಮುಖಕ್ಕೆ ಕೆಂಪು ಬಣ್ಣ ಬಳಕೊಂಡು ನಿಂತಿದ್ದ. ಇಎಸ್‌ಪಿಎನ್‌ನಲ್ಲಿ ಪ್ರತಿ ಶನಿವಾರ ಬೇರೆ ಬೇರೆ ಕಾಲೇಜಿನಿಂದ ಬರುವ ‘ಕಾಲೇಜ್ ಗೇಮ್‌ಡೇ’ ಕಾರ್ಯಕ್ರಮ ಇದೆಯಲ್ಲ, 2003ರಿಂದ ಅದರ ಹಿನ್ನೆಲೆಯಲ್ಲಿ ಎಲ್ಲೇ ಇರಲಿ ವಾಷಿಂಗ್ಟನ್ ಸ್ಟೇಟ್ ಬಾವುಟ ಹಾರುತ್ತಿರುತ್ತದೆ. ಹಳೆಯ ವಿದ್ಯಾರ್ಥಿಗಳು ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡು, ಪ್ರತಿ ವಾರ ಯಾರಾದರೂ ಒಬ್ಬರು ಹೋಗಿ ಹಿಡಿಯುತ್ತಾರೆ. ಇವನೂ ಒಮ್ಮೆ ಹಿಡಿದಿದ್ದಾನೆ.

“ಇಪ್ಪತ್ತು ವರ್ಷ ಅವರ ಶೋಗೆ ಬಿಟ್ಟಿ ಅಲಂಕಾರ ಆಗಿದ್ವಿ ಕಣೋ” ಅಂದ ಅವನು, ಆ ಆಗಸ್ಟಿನಲ್ಲಿ ಫೋನ್ ಮಾಡಿ. “ನೋಡೋರು ಇಲ್ಲ ಅಂತ ಬಿಟ್ಟಿದ್ರೆ ಒಪ್ಕೋತಿದ್ದೆ. ನಾವು ನೋಡ್ತೀವಿ ಮಗಾ. ನಮ್ಮೂರು ಸಣ್ಣದು, ಅದೇ ತಪ್ಪು.”

ಯೂಜೀನ್ ಕೂಡ ಸಣ್ಣ ಊರೇ ಅಲ್ವಾ, ಆರೆಗನ್ ಯೂನಿವರ್ಸಿಟಿಯನ್ನು ಬಿಗ್ ಟೆನ್ ತಗೊಂಡಿತಲ್ಲ ಅಂದೆ. “ಅವರ ಬೆನ್ನಿಗೆ ನೈಕಿ ಕಟ್ಟಿದ ಫಿಲ್ ನೈಟ್ ಇದಾನೆ. ನಮಗೆ ಗೋಧಿ ಬೆಳೆಯೋರು” ಅಂದ. ನನ್ನ ಬಳಿ ಉತ್ತರ ಇರಲಿಲ್ಲ.

ಈ ಸಮಾಚಾರ ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ಇದು ಮಾರುಕಟ್ಟೆ ಗುರು, ಯಾರೇನು ಮಾಡೋಕಾಗುತ್ತೆ. ಮಳೆ ಬಂತು, ಸೂರು ಸೋರಿತು ಅನ್ನೋ ಧಾಟಿ. ನಮ್ಮ ಐಟಿ ಮಂದಿಗಂತೂ ಈ ಮಾತು ಬಲು ಪ್ರೀತಿ. ಆದರೆ ಅದೇ ದೇಶದ ಅದೇ ಆಟದ ವೃತ್ತಿಪರ ಲೀಗ್ ನೋಡಿ. ಎನ್‌ಎಫ್‌ಎಲ್‌ನಲ್ಲಿ ಗ್ರೀನ್ ಬೇ ಅನ್ನೋ ಊರಿನ ತಂಡ ಇದೆ. ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ರಾಷ್ಟ್ರೀಯ ಟೀವಿ ಹಣದಲ್ಲಿ ನ್ಯೂಯಾರ್ಕ್ ತಂಡಕ್ಕೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. ಮೂವತ್ತೆರಡು ತಂಡಕ್ಕೂ ಸಮಪಾಲು. 1961ರಲ್ಲಿ ಅಮೆರಿಕದ ಸಂಸತ್ತು, ವೃತ್ತಿಪರ ಲೀಗುಗಳು ಹಕ್ಕುಗಳನ್ನು ಒಟ್ಟುಗೂಡಿಸಿ ಮಾರಬಹುದು ಅಂತ ಕಾನೂನು ಮಾಡಿದ್ದರಿಂದ ಅದು ಸಾಧ್ಯವಾಯಿತು. ಶುದ್ಧ ವ್ಯಾಪಾರಕ್ಕೆ ಅಂತಲೇ ಇರುವ ಲೀಗು ಹಂಚಿಕೊಂಡು ತಿನ್ನುತ್ತದೆ. ಸರ್ಕಾರಿ ಯೂನಿವರ್ಸಿಟಿಗಳು ಕಿತ್ತುಕೊಂಡು ತಿನ್ನುತ್ತವೆ. ಮಾರುಕಟ್ಟೆ ಎರಡಕ್ಕೂ ಒಂದೇ, ನಿಯಮ ಬೇರೆ.

ಕಾಲೇಜುಗಳ ನಿಯಮ ಮುರಿದದ್ದಕ್ಕೂ ತಾರೀಕಿದೆ. 1984ರ ತನಕ ಯಾವ ಪಂದ್ಯ ಟೀವಿಗೆ ಹೋಗಬೇಕು ಅನ್ನೋದನ್ನು ಎನ್‌ಸಿಎಎ ಸಂಸ್ಥೆಯೇ ನಿರ್ಧರಿಸುತ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 7–2ರಲ್ಲಿ ಎನ್‌ಸಿಎಎ ಹಿಡಿತವನ್ನು ತೆಗೆದುಹಾಕಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಕಾಲೇಜು ಫುಟ್‌ಬಾಲಿನ ತಾರೆಯಾಗಿದ್ದವರು ಅನ್ನೋದು ನನಗೆ ಸುಮ್ಮನೆ ಕಾಕತಾಳೀಯ ಅನ್ನಿಸೋದಿಲ್ಲ. ಹಾಗಂತ ಎನ್‌ಸಿಎಎ ಏನೂ ಸಾಧು ಅಲ್ಲ, ಅವರ ಬಿಗಿಮುಷ್ಟಿಯ ಕಾಲವೇ ಚೆಂದ ಇತ್ತು ಅಂತ ನಾನು ಹೇಳುತ್ತಿಲ್ಲ. ಹಿಡಿತ ತೆಗೆದವರು ಹಂಚಿಕೆಗೆ ಏನನ್ನೂ ಇಡಲಿಲ್ಲ ಅನ್ನೋದು ನನ್ನ ತಕರಾರು.

ಇನ್ನೊಂದು ಸಮರ್ಥನೆ ಇದೆ, ಅದು ಇದಕ್ಕಿಂತ ಗಟ್ಟಿ: ಫುಟ್‌ಬಾಲಿನ ದುಡ್ಡಿನಿಂದಲೇ ವಾಲಿಬಾಲ್, ಈಜು, ಸಾಫ್ಟ್‌ಬಾಲ್ ಎಲ್ಲ ನಡೆಯೋದು, ಅದು ನಿಂತರೆ ಈ ಹೆಣ್ಣುಮಕ್ಕಳ ಸ್ಕಾಲರ್‌ಶಿಪ್ಪೂ ನಿಲ್ಲುತ್ತದೆ. ಮೇರಿಲ್ಯಾಂಡ್ 2012ರಲ್ಲಿ ದುಡ್ಡಿಲ್ಲ ಅಂತ ಏಳು ತಂಡಗಳನ್ನು ಮುಚ್ಚಿತ್ತು, ಅದೇ ವರ್ಷ ಬಿಗ್ ಟೆನ್ನಿಗೆ ಹೂಂ ಅಂದಿತು. ಕಷ್ಟ ಸುಳ್ಳಲ್ಲ. ಆದರೆ ಆ ದುಡ್ಡಿನ ಬಾಡಿಗೆ ಕಟ್ಟುತ್ತಿರುವವರು ಯಾರು ನೋಡಿ. ಫುಟ್‌ಬಾಲ್ ಸೀಸನ್ನಿಗೆ ಹನ್ನೆರಡು ಪಂದ್ಯ, ವಾರಕ್ಕೊಂದು, ಹೆಚ್ಚಾಗಿ ಶನಿವಾರ, ಬಾಡಿಗೆ ವಿಮಾನದಲ್ಲಿ. ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಪಂದ್ಯ, ವಾರದ ನಡುವೆಯೂ ಇರುತ್ತವೆ. ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿಗೆ 3,900 ಕಿಲೋಮೀಟರ್, ಮೂರು ಗಂಟೆ ಸಮಯದ ವ್ಯತ್ಯಾಸ. ಅವರ ಪಂದ್ಯಕ್ಕೋಸ್ಕರ ಯಾವ ಚಾನೆಲ್ಲೂ ನೂರಾರು ಕೋಟಿ ಕೊಟ್ಟಿಲ್ಲ. ಮಧ್ಯರಾತ್ರಿ ಏರ್‌ಪೋರ್ಟಿನಲ್ಲಿ ಬ್ಯಾಗಿಗೆ ತಲೆಯಾನಿಸಿ ಅಸೈನ್‌ಮೆಂಟ್ ಬರೆಯೋದು ಮಾತ್ರ ಅವರು.

ತಪ್ಪಾಗಿದೆ ಅಂತ ಇವರಿಗೂ ಗೊತ್ತು. ಯುಸಿಎಲ್‌ಎ, ಬರ್ಕ್ಲಿ ಎರಡಕ್ಕೂ ಒಂದೇ ಆಡಳಿತ ಮಂಡಳಿ. ತಂಗಿಯ ಪಾಲು ಹೋಯಿತಲ್ಲ ಅಂತ ಮಂಡಳಿಯವರು ಯುಸಿಎಲ್‌ಎ ಮೇಲೆ ಬರ್ಕ್ಲಿಗೆ ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡುವ ಷರತ್ತು ಹಾಕಿದರು, ಮೂರು ವರ್ಷದ ಮಟ್ಟಿಗೆ. ಮಂಡಳಿ ಗಟ್ಟಿಯಾಗಿ ಕೂತರೆ ಹಂಚಿಸಬಹುದು ಅಂತಾಯಿತು.

ಫುಟ್‌ಬಾಲನ್ನು ಉಳಿದ ಆಟಗಳಿಂದ ಬಿಡಿಸಿ ಅನ್ನೋದು ನನ್ನೊಬ್ಬನ ಮಾತಲ್ಲ. ಯುಸಿಎಲ್‌ಎ ಕೋಚ್ ಆಗಿದ್ದ ಚಿಪ್ ಕೆಲ್ಲಿಯೇ 2023ರಲ್ಲಿ ಹೇಳಿದ್ದರು. ಫುಟ್‌ಬಾಲಿಗೆ ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಇರಲಿ, ಹಕ್ಕು ಒಟ್ಟಿಗೆ ಮಾರಲಿ, ಹಂಚಲಿ. ವಾಲಿಬಾಲ್ ಹುಡುಗಿಯರು ಮೊದಲಿನ ಹಾಗೆ ಪಕ್ಕದ ಊರಿಗೆ ಬಸ್ಸಲ್ಲಿ ಹೋಗಿ ಆಡಿ ರಾತ್ರಿ ಊಟಕ್ಕೆ ಹಾಸ್ಟೆಲ್ ಸೇರಲಿ. 1961ರ ಕಾನೂನನ್ನು ಕಾಲೇಜುಗಳಿಗೂ ವಿಸ್ತರಿಸಿ ಅನ್ನೋ ಮಾತು ವಾಷಿಂಗ್ಟನ್ನಿನಲ್ಲಿ ಎದ್ದಿದೆ. ಜೋರಾಗಿ ವಿರೋಧಿಸುತ್ತಿರುವುದು ಬಿಗ್ ಟೆನ್ ಮತ್ತು ಎಸ್‌ಇಸಿ. ಅವರ ಜಾಗದಲ್ಲಿದ್ದರೆ ನಾನೂ ವಿರೋಧಿಸುತ್ತಿದ್ದೆನೇನೋ.

ಪ್ಯಾಕ್ ಟ್ವೆಲ್ವ್ ಪೂರ್ತಿ ಸತ್ತಿಲ್ಲ. ಉಳಿದ ಇಬ್ಬರು ಸೇರಿ ಮೌಂಟನ್ ವೆಸ್ಟ್ ಅನ್ನೋ ಸಣ್ಣ ಕಾನ್ಫರೆನ್ಸಿನಿಂದ ಬಾಯ್ಸಿ ಸ್ಟೇಟ್ ಮುಂತಾದ ಐದು ಕಾಲೇಜುಗಳನ್ನು ಸೆಳೆದುಕೊಂಡಿದ್ದಾರೆ. ಏಟು ತಿಂದವರು ತಮಗಿಂತ ಸಣ್ಣವರಿಗೆ ಅದೇ ಏಟು ದಾಟಿಸಿದ್ದಾರೆ. ಇದನ್ನು ಗೆಳೆಯನಿಗೆ ಹೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಏನ್ ಮಾಡ್ಲಿ ಹೇಳು, ಯಾರ ಜೊತೆ ಆಡ್ಲಿ ನಾವು?” ಅಂದ. ಈ ಶನಿವಾರದ ಮ್ಯಾಚ್ ಯಾವ ಚಾನೆಲ್ಲಿನಲ್ಲಿ ಬರುತ್ತೆ ಅಂತ ಹುಡುಕಿ ಹೇಳೋಕಾಗುತ್ತಾ ಅಂತಲೂ ಕೇಳಿದ.