ಕಡಲ ಮುನ್ಸೂಚನೆಯೂ ಕನ್ನಡದ ಮಾತೂ

ಕಡಲಿಗೂ ಬೆನ್ಸನ್ ಟೌನಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ವಾಸವಾಗಿರುವ ಈ ಬಡಾವಣೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಮೇಲಿದೆ. ಪೂರ್ವದ ಕಡಲೂ ದೂರ, ಪಶ್ಚಿಮದ ಕಡಲೂ ದೂರ. ಇಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿನ ರೈಲಿನ ಕೂಗು ಕೇಳಿಸೀತೇ ಹೊರತು ತೆರೆಯ ಮೊರೆತ ಕೇಳಿಸದು. ಆದರೂ ಸಾಗರದ ಹವಾಮಾನದ ವಿಷಯದಲ್ಲಿ ನಮಗೊಂದು ಹೊಣೆಯಿದೆ. ಅದರಲ್ಲಿಯೂ ಭಾಷೆ ಸಾಹಿತ್ಯಗಳನ್ನು ಓದುವ ಕಲಾ ಕಾಲೇಜಿನ ವಿದ್ಯಾರ್ಥಿಗಳಿಗೆ ಇದೆ ಎಂಬುದು ನನ್ನ ವಾದ.

ಮೊದಲು ನಂಟಿನ ಮಾತು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಮಳೆ ಜಿನುಗತೊಡಗಿತು. ನಮ್ಮ ಮಳೆ ನಮ್ಮ ಆಕಾಶದಲ್ಲೇ ಹುಟ್ಟುವುದಲ್ಲ, ಕಡಲಿನಿಂದ ಬರುವುದು. ಅಷ್ಟೇ ಅಲ್ಲ, ಕಡಲನ್ನು ನೋಡುವ ಕಣ್ಣೂ ನಮ್ಮೂರಿನದೇ. ಸಾಗರದ ಮೇಲಣ ಮೋಡಗಳನ್ನು ಹಗಲಿರುಳು ಚಿತ್ರಿಸುವ ಇನ್ಸಾಟ್ ಉಪಗ್ರಹಗಳು ರೂಪುಗೊಂಡದ್ದು ನಗರದ ಪೂರ್ವ ಭಾಗದಲ್ಲಿರುವ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಸಂಗಡಿಗರು 1984ರಲ್ಲಿ ಒಂದು ದೊಡ್ಡ ವಿಷಯವನ್ನು ತೋರಿಸಿಕೊಟ್ಟರು: ಕಡಲಿನ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿ ಬೆಚ್ಚಗಾದ ಮೇಲೆ ಅಲ್ಲಿ ಮಳೆ ತರುವ ದೊಡ್ಡ ಮೋಡಗಳ ಸಮೂಹ ಏಳುವ ಸಂಭವ ಬಹಳ ಹೆಚ್ಚುತ್ತದೆ.

ಹೀಗೆ ತಿಳಿವಳಿಕೆಗೆ ಕೊರತೆಯಿಲ್ಲ. 1864ರಲ್ಲಿ ಕಲ್ಕತ್ತೆಯನ್ನು ಹಾಳುಗೆಡವಿದ ಚಂಡಮಾರುತ, ಅದರ ಹಿಂದೆಯೇ 1866 ಮತ್ತು 1871ರಲ್ಲಿ ಕೈಕೊಟ್ಟ ಮಳೆ, ಇವುಗಳಿಂದ ಪಾಠ ಕಲಿತು 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು. 1999ರಲ್ಲಿ ಹೈದರಾಬಾದಿನಲ್ಲಿ ಇನ್ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರ ಆರಂಭವಾಯಿತು. ಇಂದು ಅದು ಅಲೆ, ಗಾಳಿ, ಒಳಹರಿವುಗಳನ್ನು ಮುಂಚಿತವಾಗಿ ಹೇಳುತ್ತದೆ. ಆದರೆ ತಿಳಿದಿರುವುದು ಬೇರೆ, ತಿಳಿದದ್ದು ಮುಟ್ಟುವುದು ಬೇರೆ.

ಎರಡು ನಿದರ್ಶನಗಳನ್ನು ನೋಡಿ. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಒಡಿಶಾದ ಸುಮಾರು ಹತ್ತು ಸಾವಿರ ಜನ ಪ್ರಾಣ ತೆತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಅದೇ ರಾಜ್ಯಕ್ಕೆ ಬಡಿದಾಗ ಸತ್ತವರು ಕೆಲವೇ ಹತ್ತು ಮಂದಿ. ಏಕೆಂದರೆ ಎಚ್ಚರಿಕೆ ಹಳ್ಳಿ ಹಳ್ಳಿಗೆ ಮುಟ್ಟಿತ್ತು, ಲಕ್ಷಾಂತರ ಜನ ಮುಂಚೆಯೇ ಮನೆ ಬಿಟ್ಟಿದ್ದರು. ಇದಕ್ಕೆ ವಿರುದ್ಧವಾದದ್ದು ಓಖಿಯ ಕಥೆ. 2017ರ ನವೆಂಬರ್ 29ರಂದು ಶ್ರೀಲಂಕೆಯ ಬಳಿ ವಾಯುಭಾರ ಕುಸಿತವಾಗಿದ್ದದ್ದು ಮರುದಿನ ಬೆಳಿಗ್ಗೆಯೇ ಕನ್ಯಾಕುಮಾರಿಯ ಕಡಲಿನಲ್ಲಿ ಚಂಡಮಾರುತವಾಗಿ ನಿಂತಿತು. ಆಳ ಸಮುದ್ರದ ದೋಣಿಗಳು ಎಷ್ಟೋ ದಿನಗಳ ಹಿಂದೆಯೇ ಹೊರಟುಹೋಗಿದ್ದವು. ಅವುಗಳಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಕೇರಳ ತಮಿಳುನಾಡುಗಳ ಇನ್ನೂರಕ್ಕೂ ಹೆಚ್ಚು ಮೀನುಗಾರರು ಸತ್ತರು, ಇಲ್ಲವೆ ಕಾಣೆಯಾದರು. ಅದು ದೂರದ ಮಾತು ಎಂದು ನಾವು ಸುಮ್ಮನಿರುವಂತಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಸಾಗಿತು. ಮೂಲ್ಕಿಯ ಬಳಿ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಿಂದ ಒಂಬತ್ತು ಮಂದಿಯನ್ನು ಪಾರುಮಾಡಬೇಕಾಯಿತು.

ಈಗ ಉಪಗ್ರಹದ ಮೂಲಕ ನಡುಗಡಲಿಗೂ ಸಂದೇಶ ಮುಟ್ಟಿಸುವ ಸಾಧನಗಳು ಬಂದಿವೆ. ಸಂತೋಷ. ಆದರೆ ಆ ಸಣ್ಣ ಪರದೆಯ ಮೇಲೆ ಮೂಡುವುದು ನಾಲ್ಕೇ ಮಾತು. ಆ ನಾಲ್ಕು ಮಾತು ಯಾವುವು ಎಂಬುದೇ ನನ್ನ ಪ್ರಶ್ನೆ.

ಉದಾಹರಣೆಗೆ, ‘ಅಲೆಗಳ ಎತ್ತರ 3 ಮೀಟರು’ ಎಂದು ಪ್ರಕಟಣೆ ಹೇಳಿತೆನ್ನಿ. ಅದಕ್ಕಿಂತ ದೊಡ್ಡ ತೆರೆ ಬಾರದೆಂದು ಓದುಗನು ತಿಳಿಯುವುದು ಸಹಜ. ಶಾಸ್ತ್ರದ ಲೆಕ್ಕವೇ ಬೇರೆ. ತೆರೆಗಳಲ್ಲಿ ಅತಿ ಎತ್ತರವಾದ ಮೂರನೆಯ ಒಂದು ಪಾಲನ್ನು ಆಯ್ದು, ಅವುಗಳ ಸರಾಸರಿಯನ್ನು ಹೇಳುತ್ತಾರೆ. ಬಿಡಿ ತೆರೆಯೊಂದು ಅದರ ಹೆಚ್ಚುಕಡಿಮೆ ಇಮ್ಮಡಿ ಏಳಬಹುದು. ಅಳಿವೆ ಬಾಗಿಲಿನಲ್ಲಿ ನಾಡದೋಣಿಯನ್ನು ಮಗುಚಲು ಅಂಥ ಒಂದು ತೆರೆ ಸಾಲದೆ? ಇಲ್ಲಿ ತಪ್ಪಿದ್ದು ಗಣಿತವಲ್ಲ, ಮಾತು.

‘ಕಡಲಿನ ಮಕ್ಕಳಿಗೆ ಕಡಲಿನ ಪಾಠ ಹೇಳಲು ನಾವಾರು?’ ಎಂದು ಕೆಲವರು ಆಕ್ಷೇಪಿಸಬಹುದು. ಮೋಡ, ಗಾಳಿ, ನೀರಿನ ಬಣ್ಣ ನೋಡಿ ಹವೆಯನ್ನು ಹೇಳಬಲ್ಲ ಹಿರಿಯರು ಮಲ್ಪೆಯಲ್ಲೂ ಗಂಗೊಳ್ಳಿಯಲ್ಲೂ ಇದ್ದಾರೆ. ಅವರ ಅನುಭವಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕಣ್ಣಿಗೆ ಕಾಣದೆ ಬರುವ ಅಪಾಯವೂ ಉಂಟು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಅಲೆಗಳು ಸಾವಿರಾರು ಕಿಲೋಮೀಟರು ಹಾದು, ಕೆಲವು ದಿನಗಳ ಮೇಲೆ, ಇಲ್ಲಿ ಗಾಳಿಯಿಲ್ಲದೆ ಆಕಾಶ ತಿಳಿಯಾಗಿರುವಾಗಲೇ ದಡಕ್ಕೆ ನುಗ್ಗುತ್ತವೆ. ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕ್ಕಡಲ್’ ಎಂದು ಹೆಸರಿಟ್ಟರು: ಕಳ್ಳನಂತೆ ಬರುವ ಕಡಲು. ವಿಜ್ಞಾನಿಗಳು ಹೊಸ ಪದವನ್ನು ಕಟ್ಟಲು ಹೋಗದೆ ಆ ಪದವನ್ನೇ ಸ್ವೀಕರಿಸಿದರು. ಇನ್ಕಾಯಿಸ್ ಇಂದು ಆ ಹೆಸರಿನಲ್ಲಿಯೇ ಎಚ್ಚರಿಕೆ ಹೊರಡಿಸುತ್ತದೆ. ಆಡುಮಾತಿನ ಒಂದು ಪದ ಶಾಸ್ತ್ರದ ಪದವಾಯಿತು. ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?

ಬೆನ್ಸನ್ ಟೌನಿನಲ್ಲಿ ತಮಿಳು, ಉರ್ದು, ಕನ್ನಡ, ಇಂಗ್ಲಿಷುಗಳ ನಡುವೆ ಬೆಳೆದ ನಮಗೆ ಒಂದು ಸತ್ಯ ಚಿಕ್ಕಂದಿನಿಂದಲೂ ಗೊತ್ತು: ಅವರವರ ಮಾತಿನಲ್ಲಿ ಹೇಳಿದರೇ ಮಾತು ಮನಸ್ಸಿಗೆ ಇಳಿಯುವುದು. ಕರಾವಳಿಯೂ ಹಾಗೆಯೇ. ಮೊಗವೀರರು ಬಹುಮಟ್ಟಿಗೆ ತುಳು, ಕುಂದಾಪುರದ ಕಡೆ ಕನ್ನಡ ಆಡುತ್ತಾರೆ, ಖಾರ್ವಿಗಳದು ಕೊಂಕಣಿ. ‘ಸಮುದ್ರವು ಪ್ರಕ್ಷುಬ್ಧವಾಗಿರುವ ಸಾಧ್ಯತೆಯಿದೆ’ ಎಂಬ ವಾಕ್ಯ ಪರೀಕ್ಷೆಯ ಉತ್ತರಪತ್ರಿಕೆಗೆ ಒಪ್ಪೀತು. ಮುಂಜಾನೆ ಮೂರು ಗಂಟೆಗೆ ಬಲೆ ಹೊರುವವನಿಗೆ ಒಪ್ಪದು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ದೋಣಿಗೆ ಅಪಾಯ, ಏನು ಮಾಡಬೇಕು ಎಂಬುದು ಮೊದಲು ಬರಲಿ. ಅಂಕಿಗಳು ಆಮೇಲೆ ಬರಲಿ. ಖಚಿತವಲ್ಲದ್ದನ್ನು ಖಚಿತವಲ್ಲವೆಂದೇ ಹೇಳಲಿ. ದೋಣಿ ಕಡಲಿಗೆ ಇಳಿಯದ ದಿನ ಕೂಲಿಯೂ ಇಲ್ಲ. ಎಚ್ಚರಿಕೆ ಎರಡು ಸಲ ಸುಳ್ಳಾದರೆ ಮೂರನೆಯ ಸಲ ಯಾರು ತಾನೆ ಕೇಳಿಯಾರು?

ಆದುದರಿಂದ ನನ್ನ ಸೂಚನೆ ಇಷ್ಟೆ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಕಾರವಾರದಿಂದ ಮಂಗಳೂರಿನವರೆಗೆ ಗಾಳಿ, ತೆರೆ, ಮೋಡ, ಅಳಿವೆಗಳಿಗೆ ಮೀನುಗಾರರು ಆಡುವ ಪದಗಳನ್ನು ಸಂಗ್ರಹಿಸಲಿ. ರಜೆಯ ಒಂದು ವಾರ ಇದಕ್ಕೆ ಸಾಕು, ಆರಂಭಕ್ಕಾದರೂ. ಆ ಪದಗಳು ಹವಾಮಾನದ ಕಚೇರಿಗಳಿಗೆ ತಲುಪಲಿ. ಉಪಗ್ರಹವನ್ನು ಕಟ್ಟುವ ಶಕ್ತಿ ನಮಗಿಲ್ಲದಿರಬಹುದು. ಒಂದು ವಾಕ್ಯವನ್ನು ನೆಟ್ಟಗೆ ಕಟ್ಟುವ ಶಕ್ತಿ ಇದೆ, ಇರಲೇಬೇಕು. ಮುವ್ವತ್ತಾರು ಸಾವಿರ ಕಿಲೋಮೀಟರು ಎತ್ತರದಿಂದ ಇಳಿದು ಬಂದ ಸುದ್ದಿ ದೋಣಿಯವನ ಕಿವಿಯ ಹತ್ತಿರ ಬಂದು ನಿಂತುಬಿಡಬಾರದು. ಕೊನೆಯ ಆ ಒಂದು ಗೇಣು ವಿಜ್ಞಾನದ ಕೆಲಸವಲ್ಲ, ಭಾಷೆಯ ಕೆಲಸ. ಅಂದರೆ ನಮ್ಮ ಕೆಲಸ.